ಯಾರೂ ತಳ್ಳಬೇಡಿ

ಅಕ್ಕನ ಕುರ್ಚಿ ಅವಳು ಒಬ್ಬಳೇ ಹೋದಾಗ ಮಾತ್ರ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಜೊತೆಗೆ ಮನೆಯವರು ಯಾರಾದರೂ ಇದ್ದರೆ ಹಸುವಿನಷ್ಟು ಸಾಧುವಾಗಿ ಏರು ಹತ್ತಿ, ಅಷ್ಟೇ ಸಾಧುವಾಗಿ ಇಳಿದು ಮನೆಗೆ ಬರುತ್ತಿತ್ತು. ಹೀಗಾಗಿ ಅವಳ ದೂರನ್ನು ನಂಬುವವರೇ ಇರಲಿಲ್ಲ.

ಅಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ‘ಏ ಹುಡುಗಿ’ ಅಂತ ಕರೆದವಳು, ನನಗೆ ಎಪ್ಪತ್ತು ದಾಟಿದರೂ ಹಾಗೇ ಕರೆಯುತ್ತಾಳೆ. ಅವಳು ಮಗ ಸೊಸೆಯ ಜೊತೆ ಕೆಳಗಿನ ಮನೆಯಲ್ಲಿ, ನಾನು ಮಹಡಿಯಲ್ಲಿ. ಮಂಡಿಗಳೆರಡೂ ಮುಷ್ಕರ ಹೂಡಿದ ಮೇಲೆ ಮಗ ಎಲ್ಲಿಂದಲೋ ಹುಡುಕಿ, ಯಾರೋ ಬಳಸಿ ಬಿಟ್ಟಿದ್ದ ಈ ಬ್ಯಾಟರಿ ಕುರ್ಚಿಯನ್ನು ತಂದುಕೊಟ್ಟ. ಕೈ ಇಡುವ ಕಡೆ ಹೆಬ್ಬೆರಳು ಗಾತ್ರದ ಒಂದು ಕಡ್ಡಿ. ಮುಂದಕ್ಕೆ ಒತ್ತಿದರೆ ಮುಂದೆ, ಹಿಂದಕ್ಕೆ ಎಳೆದರೆ ಹಿಂದೆ. ಪಕ್ಕದಲ್ಲಿ ಸಾಲಾಗಿ ಪುಟ್ಟ ದೀಪಗಳು. ಹಸಿರು ಉರಿದರೆ ಬ್ಯಾಟರಿ ತುಂಬಿದೆ, ಕೆಂಪಾದರೆ ಬರಿದಾಗಿದೆ ಅಂತ ಅರ್ಥ.

ಕುರ್ಚಿ ಬಂದಾಗ ಅಕ್ಕನಿಗೆ ಅದನ್ನು ಕಲಿಸುವುದಕ್ಕೆ ಒಂದು ಗಳಿಗೆಯೂ ಬೇಕಾಗಲಿಲ್ಲ. “ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ಕುಂಟಿಗೆ ಎಷ್ಟು ಅಂತ ಈಗ ನೋಡ್ತಾ ಇರಿ,” ಅಂದವಳೇ ಗೇಟು ದಾಟಿಬಿಟ್ಟಳು. ಅವತ್ತಿನಿಂದ ಪ್ರತಿ ಮಧ್ಯಾಹ್ನ ಅವಳ ಸವಾರಿ ನಮ್ಮ ಬೀದಿಯ ಏರು ಹತ್ತಿ, ತುದಿಯಲ್ಲಿರುವ ಗುಂಡಿ-ದಾರದ ಅಂಗಡಿಗೆ. ಅಂಗಡಿಯವಳೂ ಅಕ್ಕನೂ ಗಿರಾಕಿಗಳಿಲ್ಲದ ಹೊತ್ತಲ್ಲಿ ಇಸ್ಪೀಟು ಆಡುತ್ತಾರೆ. ಪಣಕ್ಕೆ ಗುಂಡಿಗಳು. ದೊಡ್ಡ ಕೋಟಿನ ಗುಂಡಿ ಗೆದ್ದು ಬಂದ ದಿನ ಅಕ್ಕನ ಮುಖ ನೋಡಬೇಕು!

ಏರಿನ ಅರ್ಧಕ್ಕೆ ಕುರ್ಚಿ ನಿಲ್ಲತೊಡಗಿದ್ದು ಮಳೆಗಾಲ ಮುಗಿದ ಮೇಲೆ. ಇದ್ದಕ್ಕಿದ್ದ ಹಾಗೆ ದೀಪಗಳು ಕೆಂಪಾಗಿ, ಮರುಕ್ಷಣ ಎಲ್ಲ ಆರಿ, ಕುರ್ಚಿ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತಂತೆ. ಅಕ್ಕ ಮಗನಿಗೆ ಫೋನ್ ಮಾಡುತ್ತಿದ್ದಳು. ಅವನು ಕೆಲಸ ಬಿಟ್ಟು ಓಡಿ ಬಂದು ಸ್ವಿಚ್ ಒತ್ತಿದರೆ ದೀಪಗಳೆಲ್ಲ ಹಸಿರು! ಅವನು ಬೆನ್ನಿಗೆ ಕೈಕೊಟ್ಟು ಕಡ್ಡಿ ಒತ್ತಿಸಿದರೆ ಕುರ್ಚಿ ಸರಾಗವಾಗಿ ಹೊರಟೇಬಿಡುತ್ತಿತ್ತು.

“ಅಮ್ಮಾ, ಕೈತಪ್ಪಿ ನೀನೇ ಸ್ವಿಚ್ ಆರಿಸಿರ್ತೀಯ. ನೆನಪು ಮಾಡ್ಕೋ.”

“ನಾನ್ಯಾಕೋ ಆರಿಸ್ಲಿ? ನಡುಬೀದಿಯಲ್ಲಿ ಪ್ರದರ್ಶನಕ್ಕೆ ಕೂತ್ಕೊಳ್ಳೋಕಾ?”

ಆ ಹೊತ್ತಿಗೆ ಮಗ ಬೇರೆ ಯೋಚನೆಗೆ ಹೋಗಿರುತ್ತಿದ್ದ. ಅವನು ಹಲ್ಲಿನ ಡಾಕ್ಟರು. ಪಾಪ, ಬಹಳ ಒಳ್ಳೆಯ ಹುಡುಗ. ಆದರೆ ದಿನವಿಡೀ ಬಾಯಿ ತೆರೆದು ಮಲಗಿದವರ ಜೊತೆ ಮಾತಾಡಿ ಅಭ್ಯಾಸ. ‘ನೋವಿದೆಯಾ?’ ಅಂತ ಕೇಳುತ್ತಾನೆ, ಉತ್ತರ ಬರುವುದಿಲ್ಲ ಅಂತ ಗೊತ್ತಿರುವುದರಿಂದ ಕೆಲಸ ಮುಂದುವರಿಸುತ್ತಾನೆ. ಮನೆಯಲ್ಲೂ ಅದೇ ಚಾಳಿ.

ಬ್ಯಾಟರಿ ಅಂಗಡಿಯವರನ್ನು ಕರೆಸಿದ್ದೂ ಆಯಿತು. ಅವರ ಅಂಗಡಿಯೂ ಏರಿನ ತುದಿಯಲ್ಲೇ. ನಡುವಯಸ್ಸಿನ ಮನುಷ್ಯ, ಮಾತಿಗೆ ಮುಂಚೆ ಕೈಮುಗಿಯುವಂಥವರು. ಬಂದವರೇ, “ಅಮ್ಮಾವ್ರೇ, ನೀವು ಹಾಯಾಗಿ ಕೂತ್ಕೊಳ್ಳಿ, ನಾನು ನೋಡ್ತೀನಿ,” ಅಂತ ಅಕ್ಕನ ಕೈಹಿಡಿದು ಇಳಿಸಿ, ಮೆತ್ತೆಯಿರುವ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಸೊಸೆ ಅವಳ ಕಾಲ ಕೆಳಗೆ ಮಣೆ ಇಟ್ಟಳು, ಟೀ ತಂದುಕೊಟ್ಟಳು. ಆಮೇಲೆ ಅವರು ಬ್ಯಾಟರಿ ಪೆಟ್ಟಿಗೆಗೆ ಮೀಟರಿನ ಎರಡು ತಂತಿ ಮುಟ್ಟಿಸಿ, “ಇಪ್ಪತ್ತೈದು ವೋಲ್ಟ್ ಇದೆ. ಗಟ್ಟಿಮುಟ್ಟಾಗಿದೆ,” ಅಂದರು. ಅಂಗಳದಲ್ಲಿ ಖಾಲಿ ಕುರ್ಚಿಯನ್ನು ಎರಡು ಸುತ್ತು ಓಡಿಸಿದರು. ಅದು ಚಿಗರೆಯ ಹಾಗೆ ಓಡಿತು. ಮತ್ತೆ ಬಂದಾಗಲೂ ಹೀಗೇ ಇಳಿಸಿದರು, ಕೂರಿಸಿದರು, ಟೀ ಬಂತು, ಇಪ್ಪತ್ತೈದು ವೋಲ್ಟ್ ಬಂತು.

ಅಲ್ಲಿಗೆ ಮಗ ತೀರ್ಮಾನಕ್ಕೆ ಬಂದ. ಅಮ್ಮನಿಗೆ ಮರೆವು ಶುರುವಾಗಿದೆ. ಭಾನುವಾರ ಕುರ್ಚಿಯನ್ನು ಬ್ಯಾಟರಿ ಅಂಗಡಿಗೆ ಒಪ್ಪಿಸಿಬಿಡುವುದು, ಬೇಕಾದವರು ಯಾರಾದರೂ ತೆಗೆದುಕೊಳ್ಳಲಿ. ಅಮ್ಮನಿಗೆ ಇನ್ನು ಮೇಲೆ ತಳ್ಳುವ ಕುರ್ಚಿ. ಯಾರಿಗಾದರೂ ಬಿಡುವಾದಾಗ, ಅವರೇ ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದು. ತಳ್ಳುವ ಕುರ್ಚಿ ಆಗಲೇ ಬಂದು ಹಜಾರದ ಮೂಲೆಯಲ್ಲಿ, ಕರೆಯದೆ ಬಂದ ನೆಂಟನ ಹಾಗೆ, ನಿಂತೂ ಬಿಟ್ಟಿತು.

ಅವತ್ತು ಅಕ್ಕ ಜೇಡರ ಬಲೆ ತೆಗೆಯುವ ಉದ್ದ ಪೊರಕೆಯ ಹಿಡಿಯಿಂದ ಸೂರನ್ನು ಕುಟ್ಟಿದಳು. ನನ್ನನ್ನು ಕರೆಯುವ ಕ್ರಮವೇ ಅದು. ಇಳಿದು ಹೋದೆ. ಅವಳು ಜಗಳದ ಮುಖ ಮಾಡಿಕೊಂಡಿರುತ್ತಾಳೆ ಅಂದುಕೊಂಡಿದ್ದರೆ, ಸುಮ್ಮನೆ ಕೂತಿದ್ದಳು.

“ಏ ಹುಡುಗಿ, ನಾನು ಸ್ವಿಚ್ ಆರಿಸ್ತಿದ್ದೀನಾ?”

“ಅದ್ಯಾಕೆ ಹಾಗೆ ಕೇಳ್ತೀಯ ಅಕ್ಕಾ?”

“ಎಲ್ಲರೂ ಅಷ್ಟು ಮೆತ್ತಗೆ ಹೇಳ್ತಾರೆ ನೋಡು. ಬೈದು ಹೇಳಿದ್ರೆ ಸುಳ್ಳು ಅಂತ ವಾದ ಮಾಡ್ಬಹುದಿತ್ತು. ಈಗ ನನಗೇ ಅನುಮಾನ ಬರ್ತಿದೆ ಕಣೆ.”

ಐವತ್ತು ವರ್ಷದಲ್ಲಿ ಅಕ್ಕನಿಗೆ ತನ್ನ ಮೇಲೆ ಅನುಮಾನ ಬಂದದ್ದನ್ನು ನಾನು ಕಂಡಿರಲಿಲ್ಲ. ಅತ್ತೆಯವರ ಮೇಲೆ, ಹಾಲಿನವನ ಮೇಲೆ, ಸರ್ಕಾರದ ಮೇಲೆ ಬಂದದ್ದುಂಟು.

ಮಾರನೆಯ ಮಧ್ಯಾಹ್ನ ಅವಳ ಜೊತೆ ನಾನೂ ಹೊರಟೆ. ಏರು ಶುರುವಾದ ಕೂಡಲೇ ಕುರ್ಚಿಯ ಹಿಂದಿನ ಹಿಡಿಗೆ ಕೈಹಾಕಿದೆ. ಸೊಸೆಯೂ ಹಾಗೇ ಮಾಡುತ್ತಾಳೆ, ಮಗನೂ ಹಾಗೇ ಮಾಡುತ್ತಾನೆ. ಕೂತವರು ನಮ್ಮವರಾದರೆ ಕೈ ತಾನಾಗಿ ಹೋಗುತ್ತದೆ. ಕುರ್ಚಿ ಎಲ್ಲೂ ನಿಲ್ಲಲಿಲ್ಲ. ಅಂಗಡಿಯ ಮೆಟ್ಟಿಲ ಹತ್ತಿರ ಬಂದಾಗ ಅಕ್ಕ ಮುಖ ತಿರುಗಿಸಿಕೊಂಡು, “ನೋಡಿದ್ಯಾ, ನಿನ್ನೆದುರಿಗೂ ಮರ್ಯಾದಸ್ಥನೇ,” ಅಂದಳು.

ಮನೆಗೆ ಬಂದ ಮೇಲೂ ನನಗೆ ಏನೋ ಕೊರೆಯುತ್ತಿತ್ತು. ಕೈಯಲ್ಲಿ ಸಣ್ಣ ನೋವು. ಕುರ್ಚಿ ತಾನೇ ಹತ್ತಿದ್ದಾದರೆ ನನ್ನ ರಟ್ಟೆ ಯಾಕೆ ನೋಯಬೇಕು?

ಹಾಗಾಗಿ ಅದರ ಮರುದಿನ ನಾನು ಪತ್ತೇದಾರಿಕೆಗೆ ಇಳಿದೆ. ಅಕ್ಕ ಮುಂದೆ, ನಾನು ಕೊಡೆ ಬಿಚ್ಚಿಕೊಂಡು ಸಾಕಷ್ಟು ಹಿಂದೆ. ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ದಾರಿಹೋಕರು ನನ್ನ ಕಡೆ ನೋಡಿದ ನೋಟದಲ್ಲಿ, ಮರೆವು ಯಾರಿಗೆ ಶುರುವಾಗಿದೆ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಿತ್ತು. ಇರಲಿ. ಏರಿನ ಅರ್ಧದಲ್ಲಿ ಕುರ್ಚಿ ತಿಣುಕಿ ನಿಂತಿತು.

“ಮುಟ್ಟಿಲ್ಲ!” ಅಕ್ಕ ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕಿಬಿದ್ದವಳ ಹಾಗೆ ಕೂಗಿದಳು. “ಬಂದು ನೋಡೇ, ನಾನು ಏನೂ ಮುಟ್ಟಿಲ್ಲ!”

ಓಡುವ ಕಾಲವಲ್ಲ, ಆದರೂ ಬೇಗ ಬೇಗ ಹೋದೆ. ಬಗ್ಗಿ ಸೀಟಿನ ಕೆಳಗಿನ ಬ್ಯಾಟರಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಆ ಬಿಸಿ ತಾಗಿದ್ದೇ, ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬಿನ ಉದ್ದನೆಯ ಮೇಜು, ಅದರ ಮೇಲೆ ಮುದಿ ಬ್ಯಾಟರಿಗಳನ್ನು ಸಾಲಾಗಿ ಇಟ್ಟುಕೊಂಡು ನಾವು ಹುಡುಗಿಯರು ಮಾಡುತ್ತಿದ್ದ ಪ್ರಯೋಗ, ಎಲ್ಲ ನೆನಪಾಯಿತು.

“ಅಕ್ಕಾ, ಕಳ್ಳ ಸಿಕ್ಕಿದ. ಬ್ಯಾಟರಿಯ ಒಳಗೇ ಇದಾನೆ.”

“ಯಾರೇ?”

“ಆಂತರಿಕ ರೋಧ ಅಂತ ಹೆಸರು.”

“ಹೆಸರು ಕೇಳಿದ್ರೇ ಸಂಬಂಧಿಕನ ಹಾಗಿದಾನೆ. ಬಿಡಿಸಿ ಹೇಳು.”

ರಸ್ತೆಯ ಪಕ್ಕದ ಕಟ್ಟೆಯ ಮೇಲೆ ಕೂತು ಹೇಳಿದೆ. ಬ್ಯಾಟರಿ ಅನ್ನುವುದು ಅಡುಗೆಯವಳಿದ್ದ ಹಾಗೆ. ಒಲೆಯಿಂದ ಪಂಕ್ತಿಗೆ ತರುವ ದಾರಿಯಲ್ಲಿ ತಾನೂ ಸ್ವಲ್ಪ ತಿನ್ನುತ್ತಾಳೆ. ಹೊಸಬಳಾದರೆ ಒಂದು ಅಗುಳು, ಯಾರಿಗೂ ತಿಳಿಯದು. ಹಳಬಳಾಗುತ್ತಾ ಬಾಯಿ ದೊಡ್ಡದಾಗುತ್ತದೆ. ಇನ್ನೊಂದು ಕೆಟ್ಟ ಚಾಳಿಯೆಂದರೆ, ಮೊದಲಿನ ಎರಡರಷ್ಟು ಬೇಗ ಬಡಿಸು ಅಂದರೆ ಅವಳು ಎರಡರಷ್ಟಲ್ಲ, ನಾಲ್ಕರಷ್ಟು ನುಂಗುತ್ತಾಳೆ. ನುಂಗಿದ್ದೆಲ್ಲ ಅವಳ ಮೈಯಲ್ಲೇ ಬಿಸಿಯಾಗುತ್ತದೆ. ಸಮತಟ್ಟಿನಲ್ಲಿ ಕುರ್ಚಿಗೆ ಹಸಿವು ಕಡಿಮೆ, ಸಾಗುತ್ತದೆ. ಏರಿನಲ್ಲಿ ಹಸಿವು ಹೆಚ್ಚು, ‘ತಾ, ಇನ್ನೂ ತಾ’ ಅನ್ನುತ್ತದೆ. ಆಗ ಒಳಗೇ ಎಷ್ಟೋ ಪಾಲು ಮಾಯವಾಗಿ, ಮೋಟರಿನ ಬಾಯಿಗೆ ಬರುವ ಹೊತ್ತಿಗೆ ಬಲವೇ ಉಳಿದಿರುವುದಿಲ್ಲ.

“ನಮ್ಮತ್ತೆ ಕಾಲದಲ್ಲಿ ಇಂಥವಳೊಬ್ಬಳಿದ್ಲು,” ಅಂದಳು ಅಕ್ಕ. “ಸರಿ, ಹಾಗಾದ್ರೆ ಮೀಟರಿಗೆ ಯಾಕೆ ತಿಳಿಯಲಿಲ್ಲ?”

“ಮೀಟರು ತಟ್ಟೆ ಇಟ್ಟು ಉಣ್ಣಕ್ಕೆ ಕೂರಲ್ಲ ಅಕ್ಕಾ. ಪಾತ್ರೆ ಮುಚ್ಚಳ ತೆಗೆದು, ತುಂಬಿದೆ ಅಂತ ಹೇಳಿ ಹೋಗುತ್ತೆ. ಬಡಿಸಿದಾಗ ನೋಡ್ಬೇಕು. ಅಂದ್ರೆ ನೀನು ಕೂತಿರುವಾಗ, ಏರು ಹತ್ತುವಾಗ.”

ಅಕ್ಕ ಬೆರಳು ಮಡಿಸುತ್ತಾ ಎಣಿಸಿದಳು. “ಅವರು ನನ್ನನ್ನ ಪ್ರತಿ ಸಲ ಇಳಿಸಿ, ಮೆತ್ತೆ ಮೇಲೆ ಕೂರಿಸಿ, ಟೀ ಕೊಟ್ಟು ನೋಡಿದ್ರು.”

“ಹೂಂ.”

“ನೀವೆಲ್ಲ ಏರಲ್ಲಿ ನನ್ನನ್ನ ತಳ್ಳಿ ತಳ್ಳಿ, ಅದರ ಹಸಿವೇ ಇಲ್ಲದ ಹಾಗೆ ಮಾಡಿದ್ರಿ.”

“ಹೂಂ ಅಕ್ಕಾ.”

“ಅಂದ್ರೆ ಈ ಮನೆಯಲ್ಲಿ ಒಬ್ಬರಾದ್ರೂ ಮರ್ಯಾದೆಗೆಟ್ಟವರು ಇದ್ದಿದ್ರೆ ನಾನು ಬಚಾವಾಗ್ತಿದ್ದೆ!” ಅಂತ ಕೈತಟ್ಟಿ ನಕ್ಕಳು. ಎಷ್ಟೋ ದಿನಗಳಿಂದ ಕೇಳದ ನಗು ಅದು.

ಆಗಲೇ ಸೈಕಲ್ಲಿನವನೊಬ್ಬ ಇಳಿದು, ಕೇಳದೆಯೇ, ಕುರ್ಚಿಯನ್ನು ಅಂಗಡಿಯವರೆಗೆ ತಳ್ಳಿಕೊಟ್ಟು, ಹೆಸರೂ ಹೇಳದೆ ಹೋದ. ಲೋಕದಲ್ಲಿ ಇಂಥವರು ಬೇಕಾದಷ್ಟು ಇದ್ದಾರೆ. ನಮ್ಮ ಕಷ್ಟಕ್ಕೂ ಅವರೇ ಕಾರಣ ಅನ್ನುವುದು ಬೇರೆ ಮಾತು.

ಮಗನಿಗೆ ಇದನ್ನೆಲ್ಲ ನಾನೇ ಹೇಳುತ್ತೇನೆ ಅಂದೆ. ಅಕ್ಕ ಒಪ್ಪಲಿಲ್ಲ.

“ನೀನು ಪಾಠ ಮಾಡ್ತೀಯ, ಅವನು ತಲೆ ಆಡಿಸ್ತಾನೆ. ಬ್ಯಾಟರಿ ಬದಲಾಯಿಸ್ತಾನೆ, ಸರಿ. ಆದ್ರೆ ‘ಅಮ್ಮ ಸ್ವಿಚ್ಚೂ ಆರಿಸ್ತಾಳೆ’ ಅನ್ನೋದು ಅವನ ತಲೆಯೊಳಗೆ ಹಾಗೇ ಕೂತಿರುತ್ತೆ. ಅಡುಗೆಯವಳು ಅವನ ತಟ್ಟೆಗೂ ಒಂದು ಸಲ ಬಡಿಸ್ಲಿ.”

ಶನಿವಾರ ಊಟದ ಹೊತ್ತಿಗೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಣ್ಣು ಒಣಗಿತ್ತು ಅನ್ನುವುದನ್ನು ನಾನೊಬ್ಬಳೇ ಕಂಡದ್ದು.

“ಕೊಡೋದಾದ್ರೆ ಕೊಡಪ್ಪ ಕುರ್ಚಿ. ಒಂದೇ ಆಸೆ. ಗಾಡಿಗೆ ಹೇರಿ, ಹಗ್ಗ ಕಟ್ಟಿ ಸಾಗಿಸ್ಬೇಡ. ಇಷ್ಟು ದಿನ ಹೊತ್ತಿದೆ ನನ್ನನ್ನ. ನೀನೇ ಕೂತು, ಓಡಿಸ್ಕೊಂಡು ಹೋಗಿ ಒಪ್ಪಿಸು.”

“ನಾನಾ? ಬೀದಿಯಲ್ಲಾ?”

“ನಾಚಿಕೆ ಆಗುತ್ತಾ? ಬಿಡು ಹಾಗಾದ್ರೆ. ನನಗೆ ಆಗ್ತಿರಲಿಲ್ಲ.”

ಸೊಸೆ ಅವನ ಕಡೆ ನೋಡಿದಳು. ಅವನು ಒಪ್ಪಿದ. ಅಷ್ಟೇ ಅಲ್ಲ, ರಾತ್ರಿಯಿಡೀ ಚಾರ್ಜಿಗೆ ತಾನೇ ಹಾಕಿ, ಬೆಳಗ್ಗೆ ಸಾಲು ಹಸಿರು ದೀಪಗಳ ಫೋಟೋ ಕೂಡ ತೆಗೆದುಕೊಂಡ. ದಾಖಲೆ ಇರಲಿ ಅಂತ.

ಭಾನುವಾರ ಬೆಳಗಿನ ಆ ಮೆರವಣಿಗೆಯನ್ನು ನಾನು ಮರೆಯಲಾರೆ. ಮುಂದೆ ಡಾಕ್ಟರು. ನಮ್ಮ ಹುಡುಗ ಆಳು ನೋಡಿದರೆ ಬಾಗಿಲು ತುಂಬುವಂಥವನು. ಅಮ್ಮನ ಅಳತೆಯ ಕುರ್ಚಿಯಲ್ಲಿ ಅವನ ಮಂಡಿಗಳು ಎದೆಯ ಹತ್ತಿರ ಬಂದಿದ್ದವು. ಹಿಂದೆ ತಳ್ಳುವ ಕುರ್ಚಿಯಲ್ಲಿ ಅಕ್ಕ, ಅವಳನ್ನು ತಳ್ಳುತ್ತಾ ಏದುಸಿರು ಬಿಡುವ ಸೊಸೆ. ಕೊನೆಗೆ ನಾನು, ಈ ಸಲ ಕೊಡೆಯಿಲ್ಲದೆ. ಎದುರು ಮನೆಯ ಯಜಮಾನರು ಪೇಪರ್ ಇಳಿಸಿ, “ಡಾಕ್ಟ್ರೇ, ಕಾಲಿಗೆ ಏನಾಯ್ತು?” ಅಂತ ಕಳಕಳಿಯಿಂದ ಕೇಳಿದರು.

“ಏನಿಲ್ಲ ಸಾರ್, ಅಮ್ಮನ ಕುರ್ಚಿ.”

“ಅಯ್ಯೋ, ಅಮ್ಮನ ಕುರ್ಚಿಯನ್ನೇ ಕಿತ್ಕೊಂಡ್ರಾ!”

ಹುಡುಗನ ಕಿವಿ ಕೆಂಪಾದವು. ಕುರ್ಚಿ ಏರು ಹತ್ತತೊಡಗಿತು. ಅಕ್ಕ ನಿಲ್ಲುವ ಜಾಗ ಇನ್ನೂ ಎಷ್ಟೋ ಮುಂದಿತ್ತು. ಭಾರ ಹೆಚ್ಚು, ಹಸಿವೂ ಹೆಚ್ಚು. ಮೊದಲು ಹಸಿರು ಒಂದೊಂದಾಗಿ ಕಳೆಯಿತು, ಆಮೇಲೆ ಕೆಂಪು, ಆಮೇಲೆ ಏನೂ ಇಲ್ಲ. ಕುರ್ಚಿ ನಿಂತಿತು.

ಡಾಕ್ಟರು ಕಡ್ಡಿ ಒತ್ತಿದ. ಇನ್ನೂ ಗಟ್ಟಿಯಾಗಿ ಒತ್ತಿದ. ನಮ್ಮ ಕಡೆ ತಿರುಗಿ, “ನಾನು ಏನೂ ಮುಟ್ಟಿಲ್ಲ!” ಅಂದ.

ಅಕ್ಕ ತಳ್ಳುವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಪ್ರಪಂಚದ ಎಲ್ಲ ಮಮತೆಯನ್ನೂ ದನಿಗೆ ತಂದುಕೊಂಡು ಹೇಳಿದಳು. “ಕೈತಪ್ಪಿ ನೀನೇ ಸ್ವಿಚ್ ಆರಿಸಿರ್ತೀಯ ಮಗನೇ. ನೆನಪು ಮಾಡ್ಕೋ.”

ಸೊಸೆ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ದಾರಿಯಲ್ಲಿದ್ದ ಮೂವರು, ‘ಪಾಪ, ಪಾಪ’ ಅನ್ನುತ್ತಾ ಡಾಕ್ಟರ ಹಿಂದಕ್ಕೆ ಓಡಿಬಂದು ಹಿಡಿಗೆ ಕೈಹಾಕಿದರು.

“ಯಾರೂ ತಳ್ಳಬೇಡಿ!” ಅಕ್ಕ ಗುಡುಗಿದಳು. “ನಿಮ್ಮ ಕಾಲಿಗೆ ಬೀಳ್ತೀನಿ, ಯಾರೂ ಸಹಾಯ ಮಾಡ್ಬೇಡಿ! ಕೈ ತೆಗೀರಿ!”

ಅವರು ಬಿಸಿ ತಾಗಿದವರ ಹಾಗೆ ಕೈ ತೆಗೆದರು. ಹೆತ್ತ ತಾಯಿ ಇಷ್ಟು ಕಟುಕಳಾಗಿರುವುದನ್ನು ಅವರು ಕಂಡಿರಲಿಲ್ಲ ಅಂತ ಕಾಣುತ್ತದೆ. ಒಬ್ಬರು ಡಾಕ್ಟರ ಭುಜ ತಟ್ಟಿ ಸಮಾಧಾನ ಮಾಡಿದರು.

ಗಲಾಟೆ ಕೇಳಿ ಬ್ಯಾಟರಿ ಅಂಗಡಿಯವರು ಮೀಟರು ಹಿಡಿದೇ ಇಳಿದು ಬಂದರು. ಗುಂಡಿ ಅಂಗಡಿಯವಳು ಸ್ಟೂಲು ತಂದಳು. ಬ್ಯಾಟರಿಯವರು ಕೈಮುಗಿದು, “ಡಾಕ್ಟ್ರೇ, ನೀವು ಇಳಿದು ಹಾಯಾಗಿ ಕೂತ್ಕೊಳ್ಳಿ, ನಾನು ನೋಡ್ತೀನಿ,” ಅಂದರು.

“ಇಳೀಬೇಡ!” ಅಕ್ಕನೂ ನಾನೂ ಒಟ್ಟಿಗೇ ಕೂಗಿದೆವು.

“ಅವನು ಕೂತಿದ್ದ ಹಾಗೇ ಅಳೆಯಿರಿ,” ಅಂದೆ. “ತಂತಿ ಹಚ್ಚಿಕೊಂಡು ಪಕ್ಕದಲ್ಲೇ ನಡೀರಿ. ಅವನು ಕಡ್ಡಿ ಒತ್ತಲಿ.”

ಅವರು ನನ್ನ ಮುಖ ನೋಡಿ, ಕುರ್ಚಿ ನೋಡಿ, ಏನೋ ಹೊಳೆದವರ ಹಾಗೆ ಬಗ್ಗಿದರು. ತಂತಿಗಳನ್ನು ಕಚ್ಚಿಸಿದರು. ಇಪ್ಪತ್ತೈದು. ಸ್ವಿಚ್ ಒತ್ತಿದರು, ದೀಪಗಳು ಹಸಿರು. ಡಾಕ್ಟರು ಕಡ್ಡಿ ಒತ್ತಿದ. ಕುರ್ಚಿ ಒಂದು ಮಾರು ಮುಂದೆ ಹೋಗಿರಬಹುದು, ಮೀಟರಿನ ಅಂಕಿ ಬಾವಿಗೆ ಬಿಟ್ಟ ಕೊಡದ ಹಾಗೆ ಇಳಿಯಿತು. ಇಪ್ಪತ್ತೆರಡು, ಹತ್ತೊಂಬತ್ತು, ಹದಿನೇಳು. ಎಲ್ಲ ಆರಿತು. ಆರಿದ ಕೂಡಲೇ ಅಂಕಿ ಮತ್ತೆ ಇಪ್ಪತ್ತೈದರ ಹತ್ತಿರಕ್ಕೆ ಏರಿ, ಏನೂ ಗೊತ್ತಿಲ್ಲದ ಮಗುವಿನ ಹಾಗೆ ಕೂತಿತು.

ಅವರು ಮತ್ತೊಮ್ಮೆ ಮಾಡಿ ನೋಡಿದರು. ಮತ್ತೆ ಅದೇ. ಪೆಟ್ಟಿಗೆ ಮುಟ್ಟಿ, ಡಾಕ್ಟರ ಕೈಯನ್ನೂ ಎಳೆದು ಮುಟ್ಟಿಸಿದರು. ಆಮೇಲೆ ಎದ್ದು ಅಕ್ಕನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತರು.

“ಅಮ್ಮಾವ್ರೇ, ನಾನು ಪ್ರತಿ ಸಲ ನಿಮ್ಮನ್ನ ಇಳಿಸಿಬಿಟ್ಟೆ.”

“ಮರ್ಯಾದೆಗೆ ಇಳಿಸಿದ್ರಿ.”

“ಮರ್ಯಾದೆಗೆ ಇಳಿಸಿದೆ.”

“ಇನ್ಮೇಲೆ ಬಂದಾಗ ಟೀ ನಿಮಗೆ. ನಾನು ಕುರ್ಚಿ ಬಿಟ್ಟು ಏಳಲ್ಲ.”

ಡಾಕ್ಟರು ಇನ್ನೂ ಇಳಿದಿರಲಿಲ್ಲ. ಬಿಸಿ ತಾಗಿದ ಅಂಗೈಯನ್ನೇ ನೋಡಿಕೊಂಡಿದ್ದ. ಕೊನೆಗೆ ತನಗೇ ಹೇಳಿಕೊಳ್ಳುವವನ ಹಾಗೆ ಹೇಳಿದ. “ಹಲ್ಲು ನೋವು ಅಂತ ಬಂದವರಿಗೆಲ್ಲ ಕಚ್ಚಿ ನೋಡಿ ಅಂತೀನಿ. ಸುಮ್ಮನಿದ್ದಾಗ ಯಾವ ಹಲ್ಲೂ ನೋಯಲ್ಲ. ಅಮ್ಮನಿಗೆ ಕಚ್ಚಿಸಲೇ ಇಲ್ಲ ನಾನು.” ಆಮೇಲೆ ತಲೆಯೆತ್ತಿ, “ಅಮ್ಮಾ, ಒಬ್ಬಳೇ ನಿಂತಾಗ ಭಯ ಆಗ್ತಿತ್ತಾ?”

ಕೇಳಿ, ಉತ್ತರಕ್ಕೆ ಕಾದ. ಬೇರೆ ಯೋಚನೆಗೆ ಹೋಗಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಅಕ್ಕ ಅವನನ್ನು ಅಳೆಯುವವಳ ಹಾಗೆ ನೋಡಿದಳು. ಇದಕ್ಕೆ ಅವಳು ತಯಾರಾಗಿ ಬಂದಿರಲಿಲ್ಲ.

“ನಿಂತಾಗ ಆಗ್ತಿರಲಿಲ್ಲ ಕಣೋ,” ಅಂದಳು ಕೊನೆಗೆ. “ನೀನು ಬಂದು ಸ್ವಿಚ್ ಹಾಕಿದಾಗ ಆಗ್ತಿತ್ತು.”

ಅವನು ಅಮ್ಮನ ಕೈ ಹಿಡಿದುಕೊಂಡ. ಬೀದಿಯ ಮೂವರು ಪರೋಪಕಾರಿಗಳು ಆಗ ನಿಜವಾಗಿಯೂ ಗೊಂದಲಕ್ಕೆ ಬಿದ್ದರು.

ಆ ಬ್ಯಾಟರಿಯನ್ನು ತೆಗೆದು ಹೊಸದನ್ನು ಹಾಕಿಸಿದ್ದಾಯಿತು. ತಳ್ಳುವ ಕುರ್ಚಿಯನ್ನು ಸೊಸೆ ಬಟ್ಟೆ ಒಣಗಿಸುವುದಕ್ಕೆ ಇಟ್ಟುಕೊಂಡಿದ್ದಾಳೆ.

ಹೊಸ ಬ್ಯಾಟರಿ ಬಂದ ದಿನ ಮಧ್ಯಾಹ್ನ ಡಾಕ್ಟರು ಕೆಲಸಕ್ಕೆ ರಜ ಹಾಕಿದ್ದ. ಯಾಕೆ ಅಂತ ಯಾರೂ ಕೇಳಲಿಲ್ಲ. ಅಕ್ಕ ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು, ಕುರ್ಚಿ ಏರಿ ಗೇಟಿನ ಹತ್ತಿರ ಬಂದಳು. ಅವನು ಗೇಟು ತೆಗೆದ. “ನಾನೂ ಸ್ವಲ್ಪ ದೂರ...” ಅಂತ ಶುರುಮಾಡಿದ.

“ಏನಂದೆ?”

“ಏನಿಲ್ಲಮ್ಮ. ಹೋಗಿ ಬಾ.”

ಅವಳು ಹೊರಟಳು. ಸಮತಟ್ಟು ಮುಗಿದು ಏರು ಶುರುವಾದಲ್ಲಿ ಕುರ್ಚಿಯ ಸದ್ದು ಒಂದಿಷ್ಟು ದಪ್ಪವಾಯಿತು. ಗೇಟಿನಲ್ಲಿ ನಿಂತಿದ್ದವನ ಎರಡೂ ಕೈ ಬೆನ್ನ ಹಿಂದೆ ಹೋಗಿ, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ಅವಳು ಅರ್ಧ ಹತ್ತಿದಳು, ನಿಲ್ಲಲಿಲ್ಲ. ಮುಕ್ಕಾಲು ಹತ್ತಿದಳು, ಆಗಲೂ ನಿಲ್ಲಲಿಲ್ಲ. ತಿರುಗಿ ನೋಡುವ ಯೋಚನೆಯೂ ಅವಳಿಗೆ ಬಂದ ಹಾಗಿರಲಿಲ್ಲ.

“ಚಿಕ್ಕಮ್ಮ, ಒಳಗೆ ಹೋಗೋಣ್ವಾ?” ಅಂದ.

ಹೋಗೋಣ ಅಂದೆ. ಇಬ್ಬರೂ ಅಲ್ಲೇ ನಿಂತಿದ್ದೆವು.